ಎರಡು ಹೆಸರಿನ ಪರಾತ

ನಾನು ಒಂದು ಸ್ಟೀಲ್ ಪರಾತ. ಹುಟ್ಟಿದ್ದು ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ. ಉಕ್ಕಿನ ತಗಡನ್ನು ದುಂಡಗೆ ಕತ್ತರಿಸಿ ಅಚ್ಚಿನ ಕೆಳಗೆ ತಳ್ಳಿದರು. ಮೇಲಿನಿಂದ ಒಂದೇ ಏಟು. ತಳವೂ ಬಂತು, ನಾಲ್ಕು ಬೆರಳೆತ್ತರದ ಅಂಚೂ ಬಂತು. ಆಮೇಲೆ ಮೈಯನ್ನು ಉಜ್ಜಿ ಉಜ್ಜಿ ಹೊಳಪು ಕೊಟ್ಟರು. ಜೋಗುಳವಿಲ್ಲ, ತೊಟ್ಟಿಲಿಲ್ಲ. ಹುಟ್ಟುತ್ತಲೇ ಏಟು ತಿಂದವರು ಸಿಡುಕರಾಗುತ್ತಾರೋ ಏನೋ, ನಾನಂತೂ ಆದೆ. ಸಿಹಿ ಕಥೆ ಬೇಕಾದವರು ಅರ್ಧ ಓದಿ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ.

ಲಾರಿಯಲ್ಲಿ ಕುಲುಕಾಡುತ್ತ ಬಂದು ಅರಸೀಕೆರೆಯ ಒಂದು ಪಾತ್ರೆ ಅಂಗಡಿ ಸೇರಿದೆ. ಅಲ್ಲಿ ಮೂಲೆಯ ಕೊಕ್ಕೆಗೆ ನೇತುಹಾಕಿದರು. ಬಂದವರೆಲ್ಲ ನನ್ನಲ್ಲಿ ತಮ್ಮ ಮುಖ ನೋಡಿಕೊಂಡು, ತಲೆ ಸರಿಮಾಡಿಕೊಂಡು, ಚಿಕ್ಕ ತಟ್ಟೆ ಕೊಂಡು ಹೋಗುತ್ತಿದ್ದರು. ಒಂದು ದಿನ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಗಂಡ ಪರಶಿವಮೂರ್ತಿ, ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಹೆಂಡತಿ ಜಲಜಾಕ್ಷಿ, ಹೊಸದುರ್ಗದ ಕಡೆಯವಳು. ಅವಳು ನನ್ನಲ್ಲಿ ಮುಖ ನೋಡಿಕೊಳ್ಳಲಿಲ್ಲ. ಬೆರಳಿನ ಉಂಗುರದಿಂದ ತಳಕ್ಕೆ ಒಂದು ಸಲ ಬಾರಿಸಿದಳು. ಟಣ್ ಎಂದೆ. ಅವಳು ನಕ್ಕಳು.

"ರೀ, ಇದೇ ಇರ್ಲಿ. ದನಿ ಚೆನ್ನಾಗಿದೆ."

"ಅಡುಗೆ ಮಾಡೋದಕ್ಕೋ, ಹಾಡಿಸೋದಕ್ಕೋ?" ಎಂದ ಪರಶಿವಮೂರ್ತಿ. ಆಗ ಅವನಿಗೆ ಮಾತು ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಕಡೆ ಹೆಸರಿಲ್ಲದ ಪಾತ್ರೆ ಅಡುಗೆಮನೆಗೆ ಹೋಗುವುದಿಲ್ಲ. ಮದುವೆಗೆ ಕೊಡಲಿ, ಗೃಹಪ್ರವೇಶಕ್ಕೆ ಕೊಡಲಿ, ಕೊಟ್ಟವರ ಹೆಸರನ್ನು ಮೈಮೇಲೆ ಕೊರೆಸಿಯೇ ಕೊಡುತ್ತಾರೆ. ತಾವೇ ಕೊಂಡದ್ದಾದರೆ ಮನೆಯ ಯಜಮಾನನದೋ ಯಜಮಾನಿಯದೋ ಹೆಸರು. ಪಕ್ಕದ ಮನೆಗೆ ಪಾಯಸ ತುಂಬಿ ಕಳಿಸಿದ ಡಬರಿ ಆ ಹೆಸರು ಹಿಡಿದೇ ವಾಪಸು ಬರಬೇಕು. ಅಂಗಡಿಯವನು ಕೊರೆಯುವ ಮಿಷನ್ನು ಎತ್ತಿಕೊಂಡು, "ಯಾರ ಹೆಸ್ರು ಹಾಕ್ಲಿ ಸಾರ್?" ಎಂದು ಕೇಳಿದ.

"ಇಬ್ರದ್ದೂ ಹಾಕಿ," ಎಂದ ಪರಶಿವಮೂರ್ತಿ.

"ಹಂಗೆ ಯಾರೂ ಹಾಕ್ಸಲ್ಲ ಸಾರ್."

"ನಾವು ಹಾಕ್ಸ್ತೀವಿ. ಇವಳದ್ದು ಮೊದ್ಲು."

ಹೀಗೆ ನನ್ನ ಅಂಚಿನ ಹೊರಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಜಲಜಾಕ್ಷಿ, ಪರಶಿವಮೂರ್ತಿ ಎಂದು ಕೊರೆದರು. ಪ್ರತಿ ಚುಕ್ಕಿಗೂ ನೋವಾಯಿತು. ಆದರೂ ಆ ಇಬ್ಬರು ಬಗ್ಗಿ ಒಟ್ಟಿಗೆ ನೋಡುತ್ತಿದ್ದ ಸಂಭ್ರಮದಲ್ಲಿ ಸಹಿಸಿಕೊಂಡೆ. ಮನೆಗೆ ಬಂದ ಮೇಲೆ ಅತ್ತೆ ಚೆನ್ನಬಸಮ್ಮ ನನ್ನನ್ನು ತಿರುಗಿಸಿ ನೋಡಿ ಮೂಗು ಮುರಿದಳು. "ಎರಡೆರಡು ಹೆಸ್ರು ಯಾಕ್ರೋ? ನಾಳೆ ಯಾರ್ದು ಅಂತ ಕೇಳಿದ್ರೆ ಏನಂತ ಹೇಳದು?" ಎಂದಳು. ಮೂವರೂ ನಕ್ಕರು. ಅದು ನಗುವ ಮಾತಾಗಿತ್ತು ಆಗ.

ಎರಡನೆಯ ವರ್ಷ ಚಂಪಾ ಹುಟ್ಟಿದಳು. ಹೆರಿಗೆ ಕಷ್ಟವಾಗಿ, ತಾಯಿಯ ಜೀವ ಉಳಿಸಲು ಡಾಕ್ಟರು ಗರ್ಭಕೋಶವನ್ನೇ ತೆಗೆದುಹಾಕಿದರು. ಜಲಜಾಕ್ಷಿ ಮನೆಗೆ ಬಂದಾಗ ಒಣಗಿದ ದಂಟಿನ ಹಾಗಿದ್ದಳು. ಚೆನ್ನಬಸಮ್ಮ ಮೊಮ್ಮಗಳನ್ನು ನನ್ನಲ್ಲೇ ಮಲಗಿಸಿ ಎಣ್ಣೆ ಹಚ್ಚಿದಳು. ಹಚ್ಚುತ್ತ ಹಚ್ಚುತ್ತ, "ಇನ್ನೊಂದು ಗಂಡಾಗಿದ್ದಿದ್ರೆ..." ಎಂದು ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರು ಅಂದಿನಿಂದ ಮನೆಯಲ್ಲೇ ಉಳಿಯಿತು, ಯಾರೂ ಕರೆಯದ ನೆಂಟನಂತೆ.

ಜಲಜಾಕ್ಷಿಗೆ ಟೀಚರ್ ಆಗುವ ಆಸೆಯಿತ್ತು. ಹತ್ತನೆಯ ತರಗತಿ ಚೆನ್ನಾಗಿಯೇ ಪಾಸಾಗಿದ್ದಳು. ಮುಂದಿನ ತರಬೇತಿಗೆ ಅಣ್ಣ ತಿಪ್ಪೇಸ್ವಾಮಿ ಕಳಿಸಲಿಲ್ಲ. "ಮದ್ವೆ ಆಗೋಳಿಗೆ ಯಾಕೆ?" ಎಂದನಂತೆ. ಆ ಆಸೆಯನ್ನೆಲ್ಲ ಅವಳು ಮಗಳ ಮೇಲೆ ಸುರಿದಳು. ಸುರಿದಳು ಎಂದರೆ ಬಡಿದು ಬಾಯಿಪಾಠ ಮಾಡಿಸಿದಳೆಂದಲ್ಲ. ಆ ಮನೆಯಲ್ಲಿ ಬಳಪ ಹಿಡಿಯುವುದಕ್ಕೆ ಮುಂಚೆಯೇ ಚಂಪಾ ಆಡುತ್ತ ಆಡುತ್ತ ಓದುವುದನ್ನು ಕಲಿತಳು. ಕಲಿಸಿದ್ದರಲ್ಲಿ ನನ್ನದೂ ಪಾಲಿತ್ತು. ನನ್ನ ಬಾಳಿನಲ್ಲಿ ನಾನು ಹೆಮ್ಮೆಪಡುವುದು ಇದೊಂದಕ್ಕೇ.

ಮೊದಲು ಬಂದದ್ದು ಬಾರಿಸುವ ಆಟ. ಮಗುವಿಗೆ ಇನ್ನೂ ಅಕ್ಷರದ ಗಂಧವಿಲ್ಲ. ಜಲಜಾಕ್ಷಿ ನನ್ನನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು, "ಚಂ... ಪಾ" ಎನ್ನುತ್ತ ಎರಡು ಸಲ ಬಾರಿಸುತ್ತಿದ್ದಳು. "ಅ... ಜ್ಜಿ." "ಗಿ... ರ... ಣಿ." ಮಗುವೂ ಪುಟ್ಟ ಅಂಗೈಯಿಂದ ನನ್ನ ಬೆನ್ನು ತಟ್ಟುತ್ತಿತ್ತು. ಒಂದು ಮಾತು ಎಷ್ಟು ತುಂಡಾಗುತ್ತದೆ ಎಂದು ಕಿವಿಗೆ ಹಿಡಿಸುವುದೇ ಆಟ. ಅಪ್ಪನ ಹೆಸರು ಬಂದಾಗ ಮಾತ್ರ ತಟ್ಟಿ ತಟ್ಟಿ ಸಾಕಾಗಿ, "ಅಪ್ಪಂದು ಉದ್ದ, ಬೇಡ," ಎನ್ನುತ್ತಿದ್ದಳು.

ಆಮೇಲೆ ಹಿಟ್ಟಿನ ಆಟ. ಗಿರಣಿಯ ಮನೆಯಲ್ಲಿ ಹಿಟ್ಟಿಗೇನು ಬರ? ಮಿಷನ್ನಿನ ಸುತ್ತ ಉದುರಿದ, ಯಾರಿಗೂ ಬೇಡದ ಹಿಟ್ಟನ್ನು ಗುಡಿಸಿ ತಂದು ನನ್ನೊಳಗೆ ತೆಳುವಾಗಿ ಹರಡುತ್ತಿದ್ದಳು. ಮಗಳ ಬೆರಳನ್ನು ಹಿಡಿದು ಅದರಲ್ಲಿ ಓಡಿಸುತ್ತಿದ್ದಳು. ತಪ್ಪಾದರೆ ನನ್ನನ್ನು ಒಂದು ಸಲ ಅಲ್ಲಾಡಿಸಿದರೆ ಸಾಕು, ತಪ್ಪು ಹೋಯಿತು. ಬೈಗುಳವಿಲ್ಲ, ಕೆಂಪು ಗೀಟಿಲ್ಲ. ಚಂಪಾ ಬೇಕೆಂದೇ ತಪ್ಪು ಬರೆದು, "ಅಲ್ಲಾಡ್ಸಮ್ಮ, ಅಲ್ಲಾಡ್ಸು," ಎಂದು ಕೇಕೆ ಹಾಕುತ್ತಿದ್ದಳು. ರೊಟ್ಟಿಯ ದಿನ ಹಿಟ್ಟನ್ನು ಹೊಸೆದು ಅಕ್ಷರ ಮಾಡಿ ಹೆಂಚಿನ ಮೇಲೆ ಸುಡುತ್ತಿದ್ದರು. ಸರಿಯಾಗಿ ಹೇಳಿದ ಅಕ್ಷರ ಬೆಲ್ಲದ ಜೊತೆ ಹೊಟ್ಟೆಗೆ. ಗಿರಣಿಯಿಂದ ಬಂದ ಪರಶಿವಮೂರ್ತಿ ಮೈತುಂಬ ಹಿಟ್ಟು ಮೆತ್ತಿಕೊಂಡೇ ಅವರ ಜೊತೆ ಕೂತು ಒಂದೆರಡು ಅಕ್ಷರ ತಿಂದು ಹೋಗುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಆಟ 'ಯಾರ ಪಾತ್ರೆ'. ಮನೆಯಲ್ಲಿ ಪುಸ್ತಕಗಳಿರಲಿಲ್ಲ. ಆದರೆ ಅಡುಗೆಮನೆಯ ಹಲಗೆಗಳ ತುಂಬ ಹೆಸರುಗಳಿದ್ದವು. ಲೋಟದ ಮೇಲೆ ಹೆಸರು, ಚೊಂಬಿನ ಮೇಲೆ ಹೆಸರು, ಜಾಲರಿ ಸೌಟಿನ ಹಿಡಿಯ ಮೇಲೂ ಹೆಸರು. ಜಲಜಾಕ್ಷಿ ಒಲೆಯ ಮುಂದೆ ಕೂತು, "ತಿಪ್ಪೇಸ್ವಾಮಿ ಮಾವನ ಚೊಂಬು ತಾ ನೋಡಣ," ಎನ್ನುತ್ತಿದ್ದಳು. ಚಂಪಾ ಓಡುತ್ತಿದ್ದಳು. ಮೊದಮೊದಲು ಮೊದಲಕ್ಷರ ನೋಡಿ ತರುತ್ತಿದ್ದಳು. ಬರಬರುತ್ತ ಚುಕ್ಕಿಗಳ ಮೇಲೆ ಬೆರಳು ಎಳೆಯುತ್ತ ಪೂರ್ತಿ ಹೆಸರು ಓದಿ ತರುತ್ತಿದ್ದಳು. ಸರಿಯಾದ ಪಾತ್ರೆ ಬಂದರೆ ಅಮ್ಮ ಉಂಗುರದಿಂದ ನನ್ನನ್ನು ಬಾರಿಸುತ್ತಿದ್ದಳು. ಟಣ್! ಅದೇ ಬಹುಮಾನ. ಆ ಮಗುವಿನ ಮುಖ ಅರಳುವುದನ್ನು ನೋಡುವುದಕ್ಕಾಗಿ ದಿನವಿಡೀ ಬಾರಿಸಿಕೊಳ್ಳಲು ನಾನು ಸಿದ್ಧನಿದ್ದೆ.

ನನ್ನ ಸರದಿ ಬಂದಾಗ ಚಂಪಾ ನನ್ನನ್ನು ತಬ್ಬಿಕೊಂಡು ಸುತ್ತ ತಿರುಗಿಸುತ್ತ ಓದುತ್ತಿದ್ದಳು. "ಜಲಜಾಕ್ಷಿ. ಪರಶಿವಮೂರ್ತಿ. ಇದು ಅಮ್ಮಂದೂ ಹೌದು, ಅಪ್ಪಂದೂ ಹೌದು!"

ಸಿಹಿ ಬೇಕಾಗಿದ್ದವರು ಇಲ್ಲಿಗೆ ಏಳಬಹುದು.

ಚಂಪಾಗೆ ಐದು ತುಂಬುವ ಹೊತ್ತಿಗೆ ಚೆನ್ನಬಸಮ್ಮನ ನಿಟ್ಟುಸಿರಿಗೆ ಬಾಯಿ ಬಂದಿತ್ತು. ಗಿರಣಿಗೆ ವಾರಸುದಾರ ಬೇಡವೇ, ಮನೆಗೆ ದೀಪ ಬೇಡವೇ ಎಂದು ಬೆಳಿಗ್ಗೆ ಶುರುವಾದರೆ ರಾತ್ರಿ ಊಟದ ತನಕ ಅದೇ ರಾಗ. ನೆಂಟರು ತುಪ್ಪ ಸುರಿದರು. ಪರಶಿವಮೂರ್ತಿ ಮೊದಲು ರೇಗಿದ, ಆಮೇಲೆ ಸುಮ್ಮನಾದ, ಆಮೇಲೆ ಊಟವನ್ನು ಗಿರಣಿಗೇ ತರಿಸಿಕೊಳ್ಳತೊಡಗಿದ. ಕೆಟ್ಟವನಾಗಿದ್ದರೆ ಅವನನ್ನು ದ್ವೇಷಿಸಿ ಹಗುರಾಗಬಹುದಿತ್ತು. ಅವನು ಕೆಟ್ಟವನಲ್ಲ, ಪುಕ್ಕಲ. ಕೆಟ್ಟವರಿಗಿಂತ ಪುಕ್ಕಲರು ಮನೆ ಮುರಿಯುವುದು ಹೆಚ್ಚು ಎಂದು ನೆಲದ ಮಟ್ಟದಲ್ಲಿ ಕೂತು ನೋಡಿದ ನಾನು ಹೇಳುತ್ತೇನೆ. ಕೊನೆಗೆ ಎರಡೂ ಕಡೆಯ ಹಿರಿಯರು ಸೇರಿ, ಜಲಜಾಕ್ಷಿಯನ್ನು ತವರಿಗೆ ಕಳಿಸಿ ಅವನಿಗೆ ಬೇರೆ ಮದುವೆ ಮಾಡುವುದೆಂದು ಮಾತಾಯಿತು. ಅವಳನ್ನು ಕೇಳಿದರೇ? ಕೇಳಿದರು. "ಗಲಾಟೆ ಮಾಡ್ಬೇಡಮ್ಮ" ಎಂದು ಕೇಳಿದರು.

ಮಗುವಿನ ಮಾತು ಬಂದದ್ದು ಕೊನೆಗೆ. ಜಲಜಾಕ್ಷಿ ಅಣ್ಣನ ಕಾಲು ಹಿಡಿದು, ಚಂಪಾಳನ್ನು ಕರೆದುಕೊಂಡು ಬರುತ್ತೇನೆ ಎಂದಳು. ತಿಪ್ಪೇಸ್ವಾಮಿ ತಲೆ ತಗ್ಗಿಸಿದ. "ನಿನ್ನ ನೋಡ್ಕಳ್ತೀನಿ ಜಲಜ. ಅವರ ಮನೆ ಮಗೀನ ನಾನು ಹೆಂಗೆ ಇಟ್ಕಳ್ಳಿ? ನಾಳೆ ಮದ್ವೆ ಮಾಡೋರು ಯಾರು?" ಚೆನ್ನಬಸಮ್ಮ ಈ ಕಡೆಯಿಂದ, "ನಮ್ಗೇನು ಭಾರ ಅಲ್ಲ, ಆದ್ರೆ ತಾಯಿ ಜೊತೆ ಹೋಗದೇ ವಾಸಿ," ಎಂದಳು. ಇಬ್ಬರೂ ಆ ಮಗುವನ್ನು ಎಷ್ಟು ಮರ್ಯಾದೆಯಿಂದ ಒಬ್ಬರಿಗೊಬ್ಬರು ದಾಟಿಸುತ್ತಿದ್ದರೆಂದರೆ, ಎಲೆ ಅಡಿಕೆಯ ತಟ್ಟೆ ದಾಟಿಸಿದ ಹಾಗಿತ್ತು. ಕೊನೆಗೆ ತಿಪ್ಪೇಸ್ವಾಮಿಯ ಹಟವೇ ಗೆದ್ದಿತು. ಮಗು ಇಲ್ಲೇ ಎಂದಾಯಿತು. ಚಂಪಾಗೆ ಹೇಳಿದ್ದು, ಅಮ್ಮ ಮಾವನ ಊರಿಗೆ ಹೋಗಿ ಬರ್ತಾಳೆ ಎಂದು.

ಹೊರಡುವ ದಿನ ಪಾತ್ರೆ ಹಿಂದಿರುಗಿಸುವ ಶಾಸ್ತ್ರ. ಹೆಣ್ಣಿನ ಕಡೆಯವರು ಕೊಟ್ಟ ಪಾತ್ರೆಗಳನ್ನು ಹೆಣ್ಣಿನ ಜೊತೆಗೇ ವಾಪಸು ಕೊಡಬೇಕು. ಹೆಣ್ಣಿನ ಮನಸ್ಸು ಮುರಿದದ್ದನ್ನು ಯಾರೂ ವಿಚಾರಿಸುವುದಿಲ್ಲ, ಒಂದು ಲೋಟ ಹೆಚ್ಚುಕಡಿಮೆಯಾದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅಟ್ಟದ ಮೇಲಿಂದ, ಹಲಗೆಯ ಮೇಲಿಂದ ಎಲ್ಲ ಪಾತ್ರೆ ಇಳಿಸಿ ನಡುಮನೆಯಲ್ಲಿ ಗುಡ್ಡೆ ಹಾಕಿದರು. ಮದುವೆ ಕುದುರಿಸಿದ್ದ ಮರುಳಸಿದ್ದಪ್ಪನೆಂಬ ಹಿರಿಯನೇ ಈಗ ಬಿಡಿಸಲೂ ಬಂದು ಚಾಪೆಯ ಮೇಲೆ ಕೂತಿದ್ದ. ಒಂದು ಲೋಟ ಎತ್ತಿ, ದೂರ ಹಿಡಿದು, ಹತ್ತಿರ ಹಿಡಿದು, "ಥೂ, ಕನ್ನಡಕ ಮರ್ತು ಬಂದೆ. ಈ ಚುಕ್ಕಿ ಯಾವೋನಿಗೆ ಕಾಣ್ತವೆ?" ಎಂದ.

"ತಾತ, ನಾನು ಓದ್ತೀನಿ! ನಂಗೆ ಈ ಆಟ ಬರತ್ತೆ!" ಚಂಪಾ ಬಾಗಿಲಿಂದ ಓಡಿಬಂದಳು.

"ಬೇಡ ಚಂಪಾ, ಒಳಗೆ ಬಾ," ಎಂದಳು ಜಲಜಾಕ್ಷಿ ಅಡುಗೆಮನೆಯಿಂದ.

"ಓದ್ಲಿ ಬಿಡು," ಎಂದಳು ಚೆನ್ನಬಸಮ್ಮ. "ನೀನೇ ತಾನೆ ಕಲ್ಸಿರದು."

ಮಗು ಮೊದಲ ಲೋಟ ಎತ್ತಿಕೊಂಡಿತು. ಬೆರಳು ಚುಕ್ಕಿಗಳ ಮೇಲೆ ಸರಿಯಿತು. "ತಿಪ್ಪೇಸ್ವಾಮಿ, ಹೊಸದುರ್ಗ." ಮರುಳಸಿದ್ದಪ್ಪ ಅದನ್ನು ಎಡಗಡೆ ಇಟ್ಟ. "ಚೆನ್ನಬಸಮ್ಮ." ಅದು ಬಲಗಡೆ. "ಹೊನ್ನಮ್ಮ, ಹೊಸದುರ್ಗ." ಎಡಗಡೆ. ಚಂಪಾಗೆ ಆಟದ ಹೊಸ ನಿಯಮ ಕ್ಷಣದಲ್ಲಿ ಗೊತ್ತಾಯಿತು. ತಾನೇ ಓದಿ ತಾನೇ ಇಡತೊಡಗಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಗಂಡಸರು ಭೇಷ್ ಎಂದು ತಲೆಯಾಡಿಸಿದರು. ಎಡಗಡೆಯ ಗುಡ್ಡೆ ಏರುತ್ತ ಹೋಯಿತು. ತನ್ನ ಅಮ್ಮನನ್ನು ಒಂದೊಂದೇ ಪಾತ್ರೆಯಾಗಿ ಮನೆಯಿಂದಾಚೆ ಎತ್ತಿಡುತ್ತಿದ್ದೇನೆಂದು ಆ ಮಗುವಿಗೆ ಹೇಗೆ ತಿಳಿಯಬೇಕು?

ನಡುವೆ ಅದು ಸಟ್ಟನೆ ನಿಂತು ಅಡುಗೆಮನೆಯ ಕಡೆ ನೋಡಿತು. ಮುಖ ಬಾಡಿತ್ತು.

"ಅಮ್ಮಾ, ಎಲ್ಲಾ ಸರಿ ಹೇಳ್ತಿದೀನಿ. ಯಾಕೆ ಬಾರಿಸ್ತಿಲ್ಲ?"

ಪರಶಿವಮೂರ್ತಿ ಕಂಬಕ್ಕೆ ಒರಗಿ ಉಗುರು ನೋಡಿಕೊಳ್ಳುತ್ತಿದ್ದ. ಆಗ ಜಲಜಾಕ್ಷಿ ಹೊರಗೆ ಬಂದಳು. ಒಲೆಯ ಪಕ್ಕದಲ್ಲಿದ್ದ ನನ್ನನ್ನು ಕಂಕುಳಲ್ಲಿ ಹಿಡಿದು ತಂದು, ಮಗಳ ಎದುರು ಕೂತು, ಮಡಿಲಲ್ಲಿ ಬೋರಲು ಹಾಕಿಕೊಂಡಳು. ಮಗು ಇನ್ನೊಂದು ಚೊಂಬು ಎತ್ತಿತು. "ತಿಪ್ಪೇಸ್ವಾಮಿ." ಅವಳು ಬಾರಿಸಿದಳು. ಟಣ್. ಮಗುವಿನ ಮುಖ ಅರಳಿತು. ಇನ್ನೊಂದು. ಟಣ್. ಮತ್ತೊಂದು. ಟಣ್. ಅವಳ ಕಣ್ಣಿಂದ ನೀರು ನನ್ನ ಬೆನ್ನ ಮೇಲೆ ಬೀಳುತ್ತಿತ್ತು. ಬೆರಳು ಮಾತ್ರ ನಿಲ್ಲಲಿಲ್ಲ. ಅವಳು ಮಗಳ ಆಟ ಕೆಡಿಸಲಿಲ್ಲ. ಅಂದು ನಾನು ಮಣ್ಣಿನ ಮಡಕೆಯಾಗಿದ್ದರೆ ಒಡೆದುಹೋಗುತ್ತಿದ್ದೆ. ಉಕ್ಕಿಗೆ ಆ ಪುಣ್ಯವೂ ಇಲ್ಲ.

ಕೊನೆಗೆ ಉಳಿದದ್ದು ನಾನು. ಚಂಪಾ ನನ್ನನ್ನು ಅಮ್ಮನ ಮಡಿಲಿಂದ ಎಳೆದುಕೊಂಡು ಎಲ್ಲರಿಗೂ ಕೇಳುವ ಹಾಗೆ ಓದಿದಳು. "ಜಲಜಾಕ್ಷಿ. ಪರಶಿವಮೂರ್ತಿ. ಇದು ಇಬ್ರದ್ದೂ! ಇದು ಯಾವ ಕಡೆ ತಾತ?"

ಮರುಳಸಿದ್ದಪ್ಪ ತಬ್ಬಿಬ್ಬಾದ. "ನಿಮ್ಗೇ ಇರ್ಲಿ ಭಾವ," ಎಂದ ತಿಪ್ಪೇಸ್ವಾಮಿ. "ನಮ್ಗೇನು ಬೇಕಿಲ್ಲ, ತಗಂಡು ಹೋಗ್ಲಿ," ಎಂದಳು ಚೆನ್ನಬಸಮ್ಮ. ಹೆಸರು ಕೊರೆಸುವಾಗ 'ಇವಳದ್ದು ಮೊದ್ಲು' ಎಂದ ಬಾಯಿ ತುಟಿ ಪಿಟಕ್ಕೆನ್ನಲಿಲ್ಲ. ನಾನು ಎರಡು ಗುಡ್ಡೆಗಳ ನಡುವೆ ಬಿದ್ದಿದ್ದೆ. ಪಕ್ಕದಲ್ಲಿ ಚಂಪಾ ನಿಂತಿದ್ದಳು, ಉತ್ತರಕ್ಕಾಗಿ ಎಲ್ಲರ ಮುಖ ನೋಡುತ್ತ.

ಪಾತ್ರೆಯ ಚೀಲಗಳ ಜೊತೆ ಜಲಜಾಕ್ಷಿ ಟೆಂಪೋ ಹತ್ತಿದಳು. ನಾನೂ ಚಂಪಾಳೂ ಉಳಿದೆವು. ಮಗು ಮೂರು ದಿನ ಬಾಗಿಲಲ್ಲೇ ಕೂತಿತು. ಅಮ್ಮ ಬರಲಿಲ್ಲ. ಬಂದರೆ ಹೊಸ ಸಂಬಂಧಕ್ಕೆ ತೊಡಕೆಂದು ಎರಡೂ ಕಡೆಯವರು ಅವಳಿಂದ ಮೊದಲೇ ಮಾತು ತೆಗೆದುಕೊಂಡಿದ್ದರು. ನಾಲ್ಕನೆಯ ದಿನ ಚಂಪಾ ಅಡುಗೆಮನೆಗೆ ಬಂದು ಖಾಲಿ ಹಲಗೆಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೊಪ್ಪು ಸೋಸುತ್ತಿದ್ದ ಅಜ್ಜಿಯನ್ನು ಕೇಳಿದಳು.

"ಅಜ್ಜಿ, ನಾನು ಓದಿದ್ದಕ್ಕೇ ಅಮ್ಮ ಹೋದ್ಳಾ?"

ಚೆನ್ನಬಸಮ್ಮನ ಗಮನ ಸೊಪ್ಪಿನ ಮೇಲಿತ್ತು. ಹಿಂದಿನ ದಿನಗಳ ಅಳು, ರಂಪದಿಂದ ಸಾಕಾಗಿತ್ತು. "ಹೂಂ, ಅದಕ್ಕೇ. ಈಗ ಬಾಯ್ ಮುಚ್ಕಂಡು ಕೂತ್ಕ," ಎಂದಳು.

ಅಲ್ಲ ಎಂದು ಕೂಗಬೇಕೆನ್ನಿಸಿತು ನನಗೆ. ಯಾರಾದರೂ ಬಾರಿಸದೆ ನಾನು ಕೂಗಲಾರೆ. ಚಂಪಾ ಬಾಯಿ ಮುಚ್ಚಿಕೊಂಡು ಕೂತಳು.

ಜೂನಿನಲ್ಲಿ ಶಾಲೆಗೆ ಸೇರಿಸಿದರು. ಲೆಕ್ಕ ಮಾಡಿದಳು, ಚಿತ್ರ ಬರೆದಳು, ಹಾಡು ಹೇಳಿದಳು. ಪುಸ್ತಕ ಮುಂದಿಟ್ಟರೆ ಮಾತ್ರ ತುಟಿ ಬಿಗಿದುಕೊಳ್ಳುತ್ತಿದ್ದಳು. ಟೀಚರು ಪರಶಿವಮೂರ್ತಿಯನ್ನು ಕರೆಸಿ, "ಹುಡುಗಿಗೆ ಅಕ್ಷರವೇ ತಲೆಗೆ ಹತ್ತೋಲ್ಲ. ಮನೇಲಿ ಏನಾದ್ರೂ ಹೇಳಿಕೊಡ್ತೀರಾ?" ಎಂದು ಕೇಳಿದರಂತೆ. ಮನೆಗೆ ಬಂದು ತಾಯಿಗೆ ಇದನ್ನು ಹೇಳಿ ಅವನು ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ. ಮುಖದ ಹಿಟ್ಟು ಹೋಗಿರಬಹುದು.

ಶ್ರಾವಣದಲ್ಲಿ ಎರಡನೆಯ ಹೆಂಡತಿ ಶಿವಲೀಲಾ ಬಂದಳು. ಅವಳನ್ನು ಬೈಯಲು ನನಗೆ ಕಾರಣ ಸಿಕ್ಕಲಿಲ್ಲ. ಚಂಪಾಗೆ ತಲೆ ಬಾಚಿದಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದಳು. ನಿಧಾನವಾಗಿ ಮಗು ಅವಳ ಸೆರಗು ಹಿಡಿದು ಓಡಾಡತೊಡಗಿತು. ಖಾಲಿ ಹಲಗೆಗಳ ಮೇಲೆ ಅವಳ ತವರಿನ ಪಾತ್ರೆಗಳು ಬಂದು ಕೂತವು, ಹೊಸ ಹೆಸರುಗಳನ್ನು ಹೊತ್ತು. ದಿನಾ ಬೆಳಿಗ್ಗೆ ನೋಡಿದರೆ ಆ ಪಾತ್ರೆಗಳೆಲ್ಲ ಹೆಸರನ್ನು ಗೋಡೆಯ ಕಡೆ ತಿರುಗಿಸಿಕೊಂಡು ನಿಂತಿರುತ್ತಿದ್ದವು. ಶಿವಲೀಲಾ ಸರಿಯಾಗಿ ತಿರುಗಿಸಿಡುತ್ತಿದ್ದಳು. ಮಾರನೆಯ ದಿನ ಮತ್ತೆ ಗೋಡೆಯ ಕಡೆ. ತಿರುಗಿಸುತ್ತಿದ್ದ ಪುಟ್ಟ ಕೈಗಳನ್ನು ನಾನೊಬ್ಬನೇ ನೋಡಿದ್ದೆ.

ಒಂದು ಮಧ್ಯಾಹ್ನ ಶಿವಲೀಲಾ ಒಂದು ಚೊಂಬು ಹಿಡಿದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ಟೀಚರ್ ಹೇಳಿದ್ರೆ ಹೇಳ್ಲಿ ಬಿಡು ಪುಟ್ಟಿ. ನಾವಿಬ್ರೇ ಓದಣ. ಇದ್ರ ಮೇಲೆ ಏನು ಬರ್ದೈತೆ, ಹೇಳು?"

ಚಂಪಾ ಚುಕ್ಕಿಗಳನ್ನು ನೋಡಿದಳು. ಅವಳ ಕಣ್ಣು ಎಡದಿಂದ ಬಲಕ್ಕೆ ಓಡಿ ನಿಂತದ್ದನ್ನು ನಾನು ಕಂಡೆ. ಆಮೇಲೆ ಎರಡೂ ಕೈಯಿಂದ ಚಿಕ್ಕಮ್ಮನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡು, ಅವಳ ಹೆಗಲಲ್ಲಿ ಮುಖ ಹುದುಗಿಸಿ ಹೇಳಿದಳು.

"ನಂಗೆ ಓದಕ್ಕೆ ಬರಲ್ಲ ಚಿಕ್ಕಮ್ಮ. ನೀವು ಹೋಗ್ಬೇಡಿ."

ಶಿವಲೀಲಾಗೆ ಅರ್ಥವಾಗಲಿಲ್ಲ. "ನಾನೆಲ್ಲಿಗೆ ಹೋಗ್ಲಿ?" ಎಂದು ನಕ್ಕು ಬೆನ್ನು ಸವರಿದಳು. ಅವಳಿಗೆ ಹೇಳುವವರು ಯಾರು? ಬಲ್ಲವರಲ್ಲಿ ಒಬ್ಬಳು ಮಗು, ಇನ್ನೊಂದು ನಾನು.

ಆ ಮೇಲೆ ವರ್ಷಗಳು ಹೋದವು. ಶಿವಲೀಲಾಗೆ ಗಂಡುಮಗು ಹುಟ್ಟಿತು. ಚೆನ್ನಬಸಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಪುಣ್ಯಕ್ಕೆ ನನ್ನಲ್ಲಿಟ್ಟು ಹಂಚಲಿಲ್ಲ. ಹಳೆಯ ಹೆಸರಿರುವ ಪಾತ್ರೆ ಶುಭಕಾರ್ಯಕ್ಕೆ ಬೇಡವೆಂದು ನನ್ನನ್ನು ಹಿತ್ತಲಿಗೆ ಹಾಕಿದ್ದರು. ಈಗ ನಾನು ನೀರಿನ ತೊಟ್ಟಿಯ ಮುಚ್ಚಳ. ಬೋರಲು ಮಲಗಿದ್ದೇನೆ, ಬೆನ್ನ ಮೇಲೆ ಒಂದು ಕಲ್ಲು. ಮೈಯೆಲ್ಲ ಗೀರು, ಒಂದು ಕಡೆ ಅಂಚು ಸೊಟ್ಟಗಾಗಿದೆ. ಗುಜರಿಯವನು ಬೀದಿಯಲ್ಲಿ ಕೂಗಿದಾಗಲೆಲ್ಲ ನನ್ನ ಕಾಲವೂ ಬಂತೆಂದುಕೊಳ್ಳುತ್ತೇನೆ. ತುಕ್ಕು ಹಿಡಿಯದ ಜಾತಿ ಎಂದು ಅಂಗಡಿಯವನು ಹೊಗಳಿ ಮಾರಿದ್ದ. ಅದೇ ನನ್ನ ಶಾಪ. ತುಕ್ಕು ಹಿಡಿದಿದ್ದರೆ ಇಷ್ಟರಲ್ಲಿ ಹೆಸರುಗಳಾದರೂ ಅಳಿದುಹೋಗುತ್ತಿದ್ದವು.

ಒಂದು ಮಗುವಿಗೆ ಓದು ಕಲಿಸಲು ಹಿಡಿ ಹಿಟ್ಟು, ಒಂದು ಪರಾತ, ಮಡಿಲು ಕೊಡುವ ಒಬ್ಬಳು ತಾಯಿ ಸಾಕು ಎಂದು ನಾನು ಕಂಡಿದ್ದೇನೆ. ಅದನ್ನು ಕಸಿದುಕೊಳ್ಳಲು ಸೊಪ್ಪು ಸೋಸುತ್ತ ಆಡಿದ ಒಂದು 'ಹೂಂ' ಸಾಕು ಎಂಬುದನ್ನೂ ಕಂಡಿದ್ದೇನೆ. ಕಲಿಸುವವರಿಗೆ ಹೇಳುತ್ತಾರೆ, ಮಗುವಿನ ಜೊತೆ ಆಟವಾಡಿ ಎಂದು. ಸುತ್ತ ಇರುವವರಿಗೆ ಯಾರು ಹೇಳುತ್ತಾರೆ?

ಚಂಪಾ ಈಗ ಐದನೆಯ ತರಗತಿ. ಶಾಲೆಯಲ್ಲಿ ಹಿಂದಿನ ಬೆಂಚು. ಸಂಜೆ ಪಾತ್ರೆ ತೊಳೆಯಲು ಹಿತ್ತಲಿಗೆ ಬರುತ್ತಾಳೆ. ನಿನ್ನೆಯೂ ಬಂದಳು. ಅತ್ತ ಇತ್ತ ನೋಡಿದಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ನನ್ನ ಅಂಚಿನ ಮೇಲೆ ಬೆರಳಿಟ್ಟು ಮೊದಲ ಹೆಸರಿನ ಚುಕ್ಕಿಗಳ ಮೇಲೆ ನಿಧಾನವಾಗಿ ಎಳೆದಳು. ತುಟಿ ಅಲುಗಲಿಲ್ಲ. ಕೊನೆಯ ಚುಕ್ಕಿ ಮುಗಿದ ಮೇಲೆ, ಮನೆಯವರಿಗೆ ಕೇಳಿಸದ ಹಾಗೆ, ಉಗುರಿನಿಂದ ನನ್ನನ್ನು ಒಂದೇ ಸಲ ಬಾರಿಸಿದಳು.

ಸರಿಯಾಗಿಯೇ ಓದಿದ್ದಳು.